ಬಳ್ಳಾರಿಯಲ್ಲೊಂದು ಹಿಮಗೊಡಲಿ

ನಗಬೇಡಿ. ಫ್ಯಾನು ಕೂಡ ಬಿಸಿಗಾಳಿ ಬೀಸುವ ಬಳ್ಳಾರಿಯಲ್ಲಿ ಕೂತು ನಾನು ಹಿಮಗೊಡಲಿ ಕೂಡಿಡುತ್ತೇನೆ. ಮಂಜುಗಡ್ಡೆಯ ಬೆಟ್ಟ ಹತ್ತುವವರ ಹಳೇ ಸಾಮಾನು: ಮರದ ಹಿಡಿಕೆಯ ಕೊಡಲಿ, ಬೂಟಿನಡಿ ಕಟ್ಟಿಕೊಳ್ಳುವ ಕಬ್ಬಿಣದ ಹಲ್ಲು, ಸೆಣಬಿನ ಹಗ್ಗ. ಕಂಟೋನ್ಮೆಂಟಿನ ಗುಜರಿಯವನು ನನ್ನನ್ನು ಕಂಡರೆ ಸಾಕು, "ಬರ್ರಿ ಮಾಸ್ತರ, ನಿಮ್ಮ ಹುಚ್ಚಿನ ಸಾಮಾನು ಬಂದೈತಿ" ಅನ್ನುತ್ತಾನೆ. ಎಷ್ಟೋ ಸಲ ಅದು ಬರೀ ಪಿಕಾಸಿ. ಬೇಡ ಎನ್ನಲು ನಾಚಿಕೆಯಾಗಿ ಅದನ್ನೂ ತರುತ್ತೇನೆ. ನನ್ನಾಕೆ ಅದರಲ್ಲಿ ಕರಿಬೇವಿನ ಗಿಡಕ್ಕೆ ಪಾತಿ ಮಾಡುತ್ತಾಳೆ.

ಹಿಮಗೊಡಲಿ ಹುಟ್ಟಿದ್ದೇ ಕಲಬೆರಕೆಯಾಗಿ. ದೂರದೇಶದ ಬೆಟ್ಟದವರು ಒಂದು ಕೈಯಲ್ಲಿ ಊರುಗೋಲು, ಇನ್ನೊಂದರಲ್ಲಿ ಕೊಡಲಿ ಹೊತ್ತು ಸುಸ್ತಾಗಿ, ಎರಡನ್ನೂ ಒಂದೇ ಮಾಡಿಬಿಟ್ಟರಂತೆ. ಸೋಮಾರಿತನದಿಂದ ಲೋಕಕ್ಕೆ ಎಷ್ಟು ಉಪಕಾರ ನೋಡಿ!

ನನ್ನಲ್ಲಿರುವ ಒಂದು ಕೊಡಲಿ ಮಾತ್ರ ಗುಜರಿಯದಲ್ಲ. ಕಾಲೇಜಿನಲ್ಲಿದ್ದಾಗ ನಾನೂ ಸಿರುಗುಪ್ಪದ ಗೆಳೆಯ ಖಾದರನೂ ಕುರುಗೋಡಿನ ಬಂಡೆ ಹತ್ತಿ ಹತ್ತಿ ಕೊಬ್ಬು ಬಂದು, ಹಿಮಾಲಯದ ತರಬೇತಿಗೆ ಹೋಗಿದ್ದೆವು. ಒಂದೇ ಹಗ್ಗಕ್ಕೆ ಇಬ್ಬರ ಸೊಂಟ. ಮಂಜಿನ ಇಳಿಜಾರಿನಲ್ಲಿ ನಾನು ಜಾರಿದೆ. ಖಾದರ ಈ ಕೊಡಲಿಯನ್ನು ನೆಲಕ್ಕೆ ನೆಟ್ಟು, ಅದರ ಮೇಲೆ ಬಿದ್ದು, ಹಗ್ಗ ಹಿಡಿದ. ಬದುಕಿದೆ. ಶಿಬಿರ ಮುಗಿದಾಗ ಅಲ್ಲಿಯವರು ಹಳತೆಂದು ಬಿಸಾಕಿದ್ದನ್ನು ಖಾದರ ಬೇಡಿ ಪಡೆದು, ಹಿಡಿಕೆಯ ಮೇಲೆ ಮಸಿಯಲ್ಲಿ ತನ್ನ ಹೆಸರು ಬರೆದು ನನ್ನ ಕೈಗಿಟ್ಟ. "ಇಟ್ಕೋಲೇ, ಮತ್ತ ಜಾರಿದ್ರ ನೆನಪಾಗ್ಲಿ." ಆ ಹೆಸರು ಅಳಿಯಬಾರದೆಂದು ನಲವತ್ತು ವರ್ಷ ಹಿಡಿಕೆಗೆ ಹನಿ ನೀರು ಸೋಕಿಸಲಿಲ್ಲ. ವಾರಕ್ಕೊಮ್ಮೆ ಒಣಬಟ್ಟೆಯಲ್ಲಿ ಒರೆಸುತ್ತಿದ್ದೆ.

ಹೋದ ಬೇಸಿಗೆಯಲ್ಲಿ, ಎಷ್ಟೋ ವರ್ಷದ ಮೇಲೆ, ಖಾದರ ತಾನಾಗಿಯೇ ಮನೆಗೆ ಬಂದ. ಊಟವಾಯಿತು. ನಾನೊಂದು ನಿದ್ದೆ ತೆಗೆದು ಎದ್ದರೆ ಗೋಡೆಯ ಮೇಲೆ ಕೊಡಲಿ ಇಲ್ಲ. ಹಿತ್ತಲ ನೀರಿನ ಡ್ರಮ್ಮಿನಲ್ಲಿ ತಲೆಕೆಳಗಾಗಿ ಮುಳುಗಿದೆ! ನಮ್ಮ ಬಿಸಿಲಿಗೆ ಹಿಡಿಕೆ ಒಣಗಿ ಕೊಡಲಿಯ ತಲೆ ಅಲುಗಾಡುತ್ತಿತ್ತು. ಖಾದರ ಭತ್ತದ ಗದ್ದೆಯವನು. ಸಡಿಲಾದ ಗುದ್ದಲಿಯನ್ನು ನೆನೆಹಾಕಿ ಬಿಗಿ ಮಾಡುವಂತೆ ಇದನ್ನೂ ನೆನೆಹಾಕಿದ್ದ. ಎತ್ತಿ ನೋಡಿದೆ. ಹೆಸರಿದ್ದಲ್ಲಿ ಬರೀ ನೀಲಿ ಕಲೆ.

"ಲೇ ಖಾದರ, ಏನ್ ಮಾಡಿದ್ಯೋ! ನಿನ್ನ ಹೆಸರು ಹೋತಲ್ಲೋ!" ಎಂದು ಕೂಗಾಡಿದೆ. ಅರವತ್ತು ದಾಟಿದವನು ಕೊಡಲಿ ಅಪ್ಪಿಕೊಂಡು ಅಳುವುದೇ? ಅತ್ತೆ.

ಅವನು ಕೊಡಲಿ ಇಸಿದುಕೊಂಡು ಅಲುಗಾಡಿಸಿ ನೋಡಿದ. ಬಿಗಿಯಾಗಿತ್ತು. "ಹೆಸರು ಹೋದ್ರ ಹೋಗ್ಲಿ ಬಿಡಲೇ. ನಾನು ಅದೀನಲ್ಲ? ಸಿರುಗುಪ್ಪಕ್ಕ ಬಸ್ಸಿಗೇನ್ ಬರ ಐತೇನು?"

ವಾರವಾರ ಅವನ ಹೆಸರು ಒರೆಸಿದ ನಾನು ಅವನ ಮನೆಗೆ ಹೋದದ್ದು ಎರಡೇ ಸಲ, ಎರಡೂ ಮದುವೆಗೆ. ಸಂಜೆ ಕೊಡಲಿಯನ್ನು ನೆರಳಲ್ಲಿ ಒಣಗಲು ಬಿಟ್ಟು ಅವನ ಜೊತೆಗೇ ಬಸ್ಸು ಹತ್ತಿದೆ. ಕಿಟಕಿ ಪಕ್ಕದ ಸೀಟಿಗೆ ಇಬ್ಬರೂ ಜಗಳವಾಡಿದೆವು.