ಹಾಲಿನ ಸಾಲಿನಲ್ಲಿ ನಡೆದ ಮಹಾಸಭೆ

ಸಾತನೂರಿನ ಆಚೆಗಿರುವ ನಮ್ಮ ಹಳ್ಳಿಯಲ್ಲಿ ಅಂಬುಜಮ್ಮನವರನ್ನು ಹುಡುಕುವುದು ಕಷ್ಟವಲ್ಲ. ಬೆಳಗ್ಗೆ ಆರು ಗಂಟೆಗೆ ಡೇರಿಯ ಮುಂದೆ ಕ್ಯಾನು ಹಿಡಿದು ನಿಂತವರಲ್ಲಿ ಯಾರ ನಗು ಮೊದಲು ಕೇಳಿಸುತ್ತದೆಯೋ ಅವರೇ ಅಂಬುಜಮ್ಮ. ವಯಸ್ಸು ಅರವತ್ತೆರಡು; ಎರಡು ಹಸು, ಒಂದು ತುಂಡು ಹಿಪ್ಪುನೇರಳೆ ತೋಟ, ಜೊತೆಗೆ ಐವತ್ತಮೂರು ಹೆಂಗಸರ ಒಂದು ಸಂಘ. ನಾನು ಶನಿವಾರದ ಭಜನೆಯಲ್ಲಿ ಭಗವಂತನ ದಯೆಯನ್ನು ಕುರಿತು ಮಾತನಾಡುತ್ತೇನೆ. ಆಕೆ ವಾರದ ಉಳಿದ ದಿನಗಳಲ್ಲಿ ಅದನ್ನು ಮನೆಮನೆಗೆ ತಲುಪಿಸುತ್ತಾರೆ.

ಕಳೆದ ವರ್ಷ ಕುರಿ ಕಾಯುವ ತಿಮ್ಮಯ್ಯನನ್ನು ಬರಿಯ ಗುಮಾನಿಯ ಮೇಲೆ ಠಾಣೆಯೊಂದರಲ್ಲಿ ಮೂರು ದಿನ ಕೂಡಿಹಾಕಿ ಹೊಡೆದರು. ಕೇಸೂ ಇಲ್ಲ, ಕಾಗದವೂ ಇಲ್ಲ. ಮನೆಗೆ ಬಂದವನು ಬಾಗಿಲು ಹಾಕಿಕೊಂಡು ಕುಳಿತ. ಆಗ ಅಂಬುಜಮ್ಮನವರ ಸಂಘವೇ ಮಾನವ ಹಕ್ಕುಗಳ ಆಯೋಗಕ್ಕೆ ದೂರು ಬರೆಯಿತು.

ಅಂದಿನಿಂದ ಸಂಘಕ್ಕೆ ಗ್ರಹಚಾರ ಹಿಡಿಯಿತು. ಬಾಡಿಗೆ ಕೋಣೆಯ ಯಜಮಾನನಿಗೆ ಎಲ್ಲಿಂದಲೋ ಫೋನು ಬಂತು, ಕೋಣೆ ಹೋಯಿತು. ಹಿಂದೆಯೇ ನೋಂದಣಿ ಕಚೇರಿಯ ನೋಟಿಸು ಬಂತು: ತಿಂಗಳೊಳಗೆ ಸರ್ವಸದಸ್ಯರ ಸಭೆ ನಡೆಸಿ ಪುರಾವೆ ಒಪ್ಪಿಸದಿದ್ದರೆ ಸಂಘ ರದ್ದು. ಸಂಘ ರದ್ದಾದರೆ ತಿಮ್ಮಯ್ಯನ ದೂರಿನ ಹಿಂದೆ ನಿಲ್ಲುವವರೇ ಇಲ್ಲ.

ಸಂಘದ ಕಾರ್ಯದರ್ಶಿ ಮಜೀದಾ ರೇಷ್ಮೆ ನೂಲು ತೆಗೆಯುವ ಮನೆತನದವಳು. ಊರೆಲ್ಲ ಸುತ್ತಿ ಬಂದು ಕೈಚೆಲ್ಲಿದಳು.

"ಅಕ್ಕ, ಸ್ಕೂಲ್ನೋರು ಆಗಕಿಲ್ಲ ಅಂದ್ಬುಟ್ರು. ಛತ್ರದೋರು ರಿಪೇರಿ ಐತೆ ಅಂತವ್ರೆ. ಸಭೆ ಎಲ್ಲಿ ಮಾಡದು?"

"ದಿನಾ ನಾವೆಲ್ಲ ಎಲ್ಲಿ ಸೇರ್ತೀವಮ್ಮ? ಅಲ್ಲೇ. ಹಾಲ್ ಹಾಕಕ್ಕೆ ನಿಂತ್ಕೋಬ್ಯಾಡಿ ಅಂತ ಯಾವ ಸಾಹೇಬ್ರು ಯೋಳ್ತಾರೆ ನೋಡನ!"

ಎಲ್ಲ ಸದಸ್ಯರಿಗೂ ಮೊದಲೇ ತಿಳಿಸಿ, ಒಂದು ಸೋಮವಾರ ಬೆಳಗ್ಗೆ ಸಭೆ ನಡೆಯಿತು. ಮಜೀದಾ ಡೇರಿಯ ಕಟ್ಟೆಯ ಮೇಲೆ ನಿಂತು ವರದಿ ಓದಿದಳು. ತಿಮ್ಮಯ್ಯನ ದೂರನ್ನು ಕೈಬಿಡಬಾರದೆಂಬ ನಿರ್ಣಯ ಓದಿದಾಗ, ಒಬ್ಬೊಬ್ಬರೂ ತಮ್ಮ ಹಾಲನ್ನು ಅಳತೆಗೆ ಸುರಿದು, "ಒಪ್ಗೆ ಐತೆ" ಎಂದು ಮುಂದೆ ಸರಿದರು.

ಎದುರಿನ ಟೀ ಅಂಗಡಿಯಲ್ಲಿ ತಾಲ್ಲೂಕು ಮಟ್ಟದ ಕಚೇರಿಯೊಂದರ ನೌಕರ ಜಯಕುಮಾರ್ ಕುಳಿತಿದ್ದ. ಸಂಘದವರು ಎಲ್ಲಿ ಸೇರುತ್ತಾರೆ, ಯಾರ್ಯಾರು ಸೇರುತ್ತಾರೆ ಎಂದು ಬರೆದುಕೊಳ್ಳಲು ಅವನನ್ನು ಕಳುಹಿಸಿದ್ದರು. ಅಂಬುಜಮ್ಮ ನೇರವಾಗಿ ಅವನ ಬಳಿಗೆ ನಡೆದರು.

"ಏನಪ್ಪಾ ಜಯಕುಮಾರ, ಎಲ್ಲಾರ್ ಎಸ್ರೂ ಸಿಕ್ತಾ?"

"ನನ್ ಡ್ಯೂಟಿ ಕಣಮ್ಮ, ಬೇಜಾರ್ ಮಾಡ್ಕಬ್ಯಾಡಿ."

"ಬೇಜಾರ್ ಯಾಕಪ್ಪಾ? ಒಬ್ರುನ್ನೂ ಬುಡ್ಬ್ಯಾಡ. ತಗೋ, ಒಸಿ ಟೀ ಕುಡ್ಕೊಂಡ್ ನಿಧಾನಕ್ಕೆ ಬರಿ."

ಸಭೆಯ ನಡಾವಳಿಯನ್ನು ನೋಂದಣಿ ಕಚೇರಿಗೆ ಕಳುಹಿಸಿದ್ದಾಯಿತು. ಇಂಥ ಸಭೆ ನಡೆದದ್ದಕ್ಕೆ ನಂಬಿಕೆಗೆ ಅರ್ಹವಾದ ಸಾಕ್ಷಿಯಿಲ್ಲ, ಎರಡು ತಿಂಗಳ ಬಳಿಕ ವಿಚಾರಣೆಗೆ ಹಾಜರಾಗಿ ಎಂದು ಉತ್ತರ ಬಂತು. ಮಜೀದಾ ಕಣ್ಣೀರು ಹಾಕಿದಳು. ಅಂಬುಜಮ್ಮ ಹಸುವಿಗೆ ಬೂಸಾ ಕಲಸುತ್ತಲೇ ಯೋಚಿಸಿದರು.

"ಅಲ್ಕಣೇ, ಆ ಜಯಕುಮಾರ ಅಷ್ಟೊಂದು ಬರ್ಕೊಂಡೋದ್ನಲ್ಲ, ಆ ಕಾಗ್ದ ಎಲ್ಲೋಯ್ತು?"

ಮರುದಿನವೇ ಜಯಕುಮಾರನ ಕಚೇರಿಗೆ ಮಾಹಿತಿ ಹಕ್ಕಿನ ಅರ್ಜಿ ಹೋಯಿತು. ಉತ್ತರ ಬಂದಿತು. ಆ ವರದಿಯನ್ನು ಇಲ್ಲಿ ಉಲ್ಲೇಖಿಸುವಾಗ ದೈವದ ವಿನೋದಪ್ರಜ್ಞೆಗೆ ನಾನು ತಲೆಬಾಗುತ್ತೇನೆ: "ಬೆಳಗ್ಗೆ ಆರು ಹತ್ತಕ್ಕೆ ಸದರಿ ಸಂಘದ ನಲವತ್ತೇಳು ಸದಸ್ಯೆಯರು ಡೇರಿಯ ಮುಂದೆ ಸಭೆ ಸೇರಿ, ನಿರ್ಣಯಗಳನ್ನು ಒಬ್ಬೊಬ್ಬರಾಗಿ ಅಂಗೀಕರಿಸಿದ್ದನ್ನು ಖುದ್ದು ನೋಡಿರುತ್ತೇನೆ." ಕೆಳಗೆ ನಲವತ್ತೇಳು ಹೆಸರು, ದಿನಾಂಕ, ಸಹಿ, ಮೊಹರು.

ವಿಚಾರಣೆಯ ದಿನ ಅಧಿಕಾರಿಯು ಕನ್ನಡಕ ಏರಿಸಿದರು. "ಹಾಲು ಹಾಕಕ್ಕೆ ನಿಂತಿದ್ದನ್ನ ಸಭೆ ಅಂತೀರೇನಮ್ಮ? ನೋಡಿದವರು ಯಾರಿದ್ದಾರೆ?"

ಅಂಬುಜಮ್ಮ ಸೆರಗಿನೊಳಗಿಂದ ವರದಿಯನ್ನು ತೆಗೆದು ಮೇಜಿನ ಮೇಲೆ ಬಿಡಿಸಿಟ್ಟರು. "ಸರ್ಕಾರದೋರೇ ನೋಡವ್ರೆ ಸ್ವಾಮಿ. ನಮ್ ಮಜೀದಾನೂ ಇಷ್ಟು ದುಂಡುಗೆ ಬರಿಯಕಿಲ್ಲ."

ಒಂದು ಕಚೇರಿ ಬರೆದದ್ದನ್ನು ಇನ್ನೊಂದು ಕಚೇರಿ ಓದಿರಲಿಲ್ಲ. ಅಧಿಕಾರಿ ಎರಡು ಸಲ ಓದಿ, ಮೊಹರಿನ ಮೇಲೆ ಬೆರಳಾಡಿಸಿ, ನೋಂದಣಿ ಮುಂದುವರಿಸಿದ್ದಾಗಿ ಬರೆದುಕೊಟ್ಟರು. ಸಂಜೆ ಹಾಲು ಕರೆಯುವ ಹೊತ್ತಾಯಿತೆಂದು ಅಂಬುಜಮ್ಮ ಬಸ್ಸಿಗೆ ಓಡಿದರು.

ಮರುದಿನ ಬೆಳಗ್ಗೆ ಡೇರಿಯ ಸಾಲಿನ ಕೊನೆಯಲ್ಲಿ ತಿಮ್ಮಯ್ಯ ನಿಂತಿದ್ದ. ತಿಂಗಳುಗಟ್ಟಲೆ ಹೊಸ್ತಿಲು ದಾಟದವನು.

"ಏನ್ಲಾ ತಿಮ್ಮಯ್ಯ, ಕುರಿ ಹಾಲ್ ತಂದ್ಯಾ?" ಎಂದು ಹೆಂಗಸರು ನಕ್ಕರು.

ಅವನೂ ನಕ್ಕ. ಹಾಲು ಕೊಳ್ಳಲು ಬಂದಿದ್ದ ನಾನು ಆ ನಗುವನ್ನು ಕಂಡು ಮನಸ್ಸಿನಲ್ಲೇ ಭಗವಂತನಿಗೆ ಕೈಮುಗಿದೆ. "ಇಲ್ಲ ಕಣಕ್ಕ. ಆಯೋಗದ ಮುಂದೆ ನಾನೇ ಮಾತಾಡ್ತೀನಿ ಅಂತ ಯೋಳಕ್ ಬಂದೆ" ಎಂದ ತಿಮ್ಮಯ್ಯ.

ಎಲ್ಲರಿಗಿಂತ ಮುಂದೆ ನಿಂತಿದ್ದ ಅಂಬುಜಮ್ಮ ಹಾಲು ಸುರಿದು, ಹಿಂದಿರುಗಿ ನೋಡಿ, "ಒಪ್ಗೆ ಐತೆ" ಎಂದರು. ಅವರ ಹಿಂದಿದ್ದ ಮಜೀದಾ ತನ್ನ ಕ್ಯಾನನ್ನು ಎತ್ತಿದಳು.