ಒಳಗೆ ಹೊಲಿದ ಕೆಂಪು ಚಡ್ಡಿ

ಪ್ಯಾಂಟಿನ ಮೇಲೆ ಕೆಂಪು ಚಡ್ಡಿ ತೊಟ್ಟ ಗಂಡಸೊಬ್ಬ ಕಟ್ಟಡದಿಂದ ಕಟ್ಟಡಕ್ಕೆ ಹಾರಿದ. ಕೋಣೆ ತುಂಬ ಜನರಿದ್ದರೂ ಒಬ್ಬರೂ ನಗಲಿಲ್ಲ. ಕುವೈತಿಗೆ ಬಂದಿಳಿದ ಸಂಜೆ ನಾನು ಕಂಡದ್ದು ಇದು. ಟೀವಿಯನ್ನು ನೋಡಿದ್ದೂ ಅಂದೇ ಮೊದಲು.

ಇಂಥವನನ್ನು ಇಲ್ಲಿ ಸೂಪರ್‌ಹೀರೋ ಎನ್ನುತ್ತಾರೆ. ಮಕ್ಕಳ ಚಿತ್ರಕಥೆಯ ವೀರನಿಗೆ ಮನುಷ್ಯರಿಂದಲೇ ವೇಷ ಕಟ್ಟಿಸಿ ವಾರಕ್ಕೊಮ್ಮೆ ತೋರಿಸುತ್ತಾರೆ. ಕೊಟ್ಟೂರಿನಲ್ಲಿ ನಾನೂ ಬಯಲಾಟಕ್ಕೆ ವೇಷ ಹೊಲಿದವನು. ನಮ್ಮ ವೀರ ರಂಗಕ್ಕೆ ಬಂದರೆ ಸಾರಥಿ ‘ತಾವು ಯಾರು?’ ಎಂದು ಕೇಳುತ್ತಾನೆ; ವೀರ ಊರು, ಕುಲ, ಹೆಸರು ಎಲ್ಲವನ್ನೂ ಎದೆಯೆತ್ತಿ ಸಾರುತ್ತಾನೆ. ಇಲ್ಲಿಯವನು ಮುಖಕ್ಕೆ ಮುಸುಕು ಹಾಕಿ ಹೆಸರು ಮುಚ್ಚಿಡುತ್ತಾನೆ. ಒಳ್ಳೆಯದು ಮಾಡುವವನಿಗೆ ನಾಚಿಕೆ ಏಕೋ ತಿಳಿಯಲಿಲ್ಲ.

ದರ್ಜಿಗೆ ಇಲ್ಲಿ ಖಯ್ಯಾತ್ ಎನ್ನುತ್ತಾರೆ. ಖುಬ್ಬೂಸ್ ಎಂಬ ಇಲ್ಲಿಯ ರೊಟ್ಟಿ ಸಂಜೆಯೊಳಗೆ ಚರ್ಮವಾಗುತ್ತದೆ. ನಮ್ಮ ಜೋಳದ ರೊಟ್ಟಿ ವಾರ ಕಳೆದರೂ ಕಟಕಟ ಎನ್ನುತ್ತದೆ. ನಾನು ನನ್ನ ಕ್ರಮ ಬಿಡಲಿಲ್ಲ. ನಸುಕಿನಲ್ಲೆದ್ದು, ಅಂಗಡಿ ಗುಡಿಸಿ, ಕತ್ತರಿ ಒರೆಸಿ, ಆಮೇಲೇ ಚಹಾ.

ಅಂಗಡಿ ನನ್ನ ಅಕ್ಕನ ಮಗ ಮಲ್ಲೇಶಿಯದು. ಅವನಿಗೆ ಕಾಜಾ ಹೊಲಿಯಲು ಕಲಿಸಿದವನು ನಾನು. ಈಗ ನನ್ನ ಪಾಸ್‌ಪೋರ್ಟ್ ಅವನ ಪೆಟ್ಟಿಗೆಯಲ್ಲಿದೆ. ಊರಿನ ಮಷೀನು ಮಾರಿ ಬಂದ ನನಗೆ ಈ ಅಂಗಡಿಯ ಕಟಿಂಗ್ ಮೇಜು ಬಿಟ್ಟರೆ ಬೇರೆ ನೆಲೆಯಿರಲಿಲ್ಲ.

ಒಮ್ಮೆ ಎಣ್ಣೆ ಕಂಪನಿಯ ಇಂಗ್ಲಿಷ್ ಸಾಹೇಬರೊಬ್ಬರು ಕ್ಲಬ್ಬಿನ ವೇಷದ ಕೂಟಕ್ಕೆ ಆ ಟೀವಿ ವೀರನ ಉಡುಪು ಬೇಕೆಂದರು. ಎಲ್ಲ ಹೊಲಿದೆ. ಚಡ್ಡಿಗೆ ಬಂದಾಗ ಕೈ ತಡೆಯಿತು. ಆಟದವರು ಹೇಗಾದರೂ ಹಾಕಲಿ. ತಲೆ ನರೆತ ಸಾಹೇಬರು ಹೆಂಗಸರ ನಡುವೆ ಚಡ್ಡಿ ತೋರಿಸಿಕೊಂಡು ನಿಲ್ಲುವುದೇ? ಅವರ ಮರ್ಯಾದೆ ಉಳಿಸಲೆಂದು ಅದನ್ನು ಪ್ಯಾಂಟಿನ ಒಳಗೆ ಸೇರಿಸಿ ಹೊಲಿದೆ.

ಅವರು ಕ್ಲಬ್ಬಿಗೆ ಹೋಗಿ ಅದನ್ನು ತೊಟ್ಟಾಗಲೇ ಮೇಲೆ ಚಡ್ಡಿಯಿಲ್ಲವೆಂದು ಕಂಡದ್ದು. ಮರುದಿನ ಉಡುಪು ನಮ್ಮ ಮೇಜಿನ ಮೇಲೆ ಬಂದು ಬಿತ್ತು.

“ಮಾವ, ಚಡ್ಡಿ ಎಲ್ಲೈತ್ರಿ?” ಎಂದ ಮಲ್ಲೇಶಿ.

“ಒಳಗೈತಪ್ಪ. ಚಡ್ಡಿ ಇರೋದ ಒಳಗ.”

“ಲೇ, ಕೇಳಿದ್ರೇನು? ನಮ್ಮಾವ ಚಡ್ಡಿಗೆ ಸೆರಗು ಹೊಚ್ಚ್ಯಾರ!”

ಕೆಲಸದವರೆಲ್ಲ ಮಷೀನು ನಿಲ್ಲಿಸಿ ನಕ್ಕರು. ಮಲ್ಲೇಶಿ ನನ್ನತ್ತ ತಿರುಗಿದ.

“ನೀವು ಹೊಲಿದಿದ್ದು ನೀವ ಹಾಕ್ಕೊಂಡು ಬಾಗಿಲದಾಗ ನಿಂದರ್ರಿ. ಗಿರಾಕಿ ಬರ್ತಾವ. ಒಲ್ಲೆ ಅಂದ್ರ ಊರಿಗೆ ಹೋಗ್ರಿ, ನಿಮ್ ಮಷೀನು ದಾರಿ ಕಾಯ್ಕೊಂಡು ಕುಂತೈತಿ.”

ಹೊಲಿಗೆ ಬಿಚ್ಚಿ, ಚಡ್ಡಿಯನ್ನು ನನ್ನ ಕೈಯಿಂದಲೇ ಮೇಲಕ್ಕೆ ಹೊಲಿದೆ. ತೊಟ್ಟು, ಮುಸುಕು ಹಾಕಿಕೊಂಡು ಬಾಗಿಲಲ್ಲಿ ನಿಂತೆ. ಹೋಗುವವರು ಬರುವವರು ಚಡ್ಡಿ ಜಗ್ಗಿ ನೋಡಿದರು. ನಮ್ಮೂರ ಸೀಮೆಯ ಹಿರೇಹಡಗಲಿಯವರೊಬ್ಬರು ಬಟ್ಟೆ ಹೊಲಿಸಲು ಬಂದವರು ನನ್ನನ್ನೇ ದಿಟ್ಟಿಸಿದರು.

“ನಿಂತಿದ್ದು ನೋಡಿದ್ರ ನಮ್ ಕಡಿಯವ್ರು ಇದ್ದಂಗ ಐತಿ. ತಾವು ಯಾರ್ರಿ?”

ಹೆಸರು ಗಂಟಲವರೆಗೆ ಬಂತು. ಮುಸುಕನ್ನು ಇನ್ನಷ್ಟು ಕೆಳಗೆಳೆದುಕೊಂಡೆ.

ಒಳಗಿನಿಂದ ಮಲ್ಲೇಶಿ ಕೂಗಿದ: “ಕೊಟ್ಟೂರಿನವ್ರ, ನನ್ನ ಖಾಸ ಮಾವ! ಮಾವ, ಒಂದ್ಸಲ ಹಾರಿ ತೋರಸ್ರಿ!”

ಮೆಟ್ಟಿಲಿನಿಂದ ಹಾರಿದೆ. ಮೊಣಕಾಲು ತರಚಿತು. ಕಟಿಂಗ್ ಮೇಜಿನ ಕೆಲಸ ಉಳಿಯಿತು.

ರಜೆಗೆ ಹೋದಾಗ ಸುದ್ದಿ ನನಗಿಂತ ಮೊದಲೇ ಊರು ಮುಟ್ಟಿತ್ತು. ಕೊಟ್ಟೂರಿನ ಬಸ್‌ಸ್ಟ್ಯಾಂಡಿನಲ್ಲಿ ಹಳೆಯ ಗಿರಾಕಿಯೊಬ್ಬರು ಎದುರಾದರು. “ಬಸ್ಸಿನಾಗ ಬಂದ್ರ್ಯಾ? ಹಾರ್ಕೊಂಡು ಬರ್ತೀರಿ ಅಂತ ಮಾಡಿದ್ವಿ.”

ಊರಿನಲ್ಲಿ ನಾನು ‘ಕುವೈತಿನವರು’, ಕುವೈತಿನಲ್ಲಿ ‘ಕೊಟ್ಟೂರಿನ ಮಾವ’. ಮುಸುಕು ತೆಗೆದು ಎಷ್ಟೋ ಕಾಲವಾಯಿತು; ನನ್ನ ಹೆಸರನ್ನು ಎರಡೂ ಕಡೆ ಯಾರೂ ಕೇಳುವುದಿಲ್ಲ.