ಅಕ್ಕೋರ ದಾಸವಾಳ

ನಮ್ಮ ಪಕ್ಕದ ಮನೆಯ ಅಕ್ಕೋರು ನನಗೆ ಮೂರನೆಯ ಇಯತ್ತೆ ಕಲಿಸಿದವರು. ಕಣ್ಣಿನ ಪೊರೆಯ ಆಪರೇಷನ್ನಿಗೆಂದು ಧಾರವಾಡದ ಮಗಳ ಮನೆಗೆ ಹೊರಟಾಗ ಬ್ಯಾಡಗಿಯ ಮನೆಯ ಕೀಲಿಯನ್ನು ನನ್ನ ಕೈಗೆ ಕೊಟ್ಟು, "ದಾಸಾಳಕ್ಕ ಅಷ್ಟ ನೀರ ಹಾಕವಾ, ಉಳಿದದ್ದೇನೂ ನೋಡಬ್ಯಾಡ" ಅಂದಿದ್ದರು. ಗೇಟಿನ ಪಕ್ಕದ ಆ ಕೆಂಪು ದಾಸವಾಳ ಆಳೆತ್ತರ ಬೆಳೆದಿತ್ತು. ಅವರ ದಿನದ ಪೂಜೆಗೆ ಹೂವು ಅದರದ್ದೇ.

ಎರಡನೆಯ ವಾರ ಚಿಗುರಿನ ಮೇಲೆ ಬಿಳಿ ಹಿಟ್ಟಿನಂಥ ಹುಳ ಕಂಡವು. ಬೇವಿನ ಎಣ್ಣೆಗೆ ಸೋಪಿನ ನೀರು ಬೆರೆಸಿ, ಅಣ್ಣ ಹೊಲದಿಂದ ತಂದಿಟ್ಟಿದ್ದ ಔಷಧ ಸಿಂಪಡಿಸುವ ಪಂಪಿಗೆ ಹಾಕಿ, ಗಿಡ ಪೂರ್ತಿ ತೋಯುವಂತೆ ಹೊಡೆದೆ. ನಾಲ್ಕನೆಯ ದಿನ ಎಲೆಗಳು ಮುಷ್ಟಿ ಹಿಡಿದ ಹಾಗೆ ಮುದುಡಿದ್ದವು. ಎಳೆ ದಂಟುಗಳು ತಿರುಚಿಕೊಂಡು ನೆಲ ನೋಡುತ್ತಿದ್ದವು. ನೀರು ಕಡಿಮೆಯಾಯಿತೇನೋ ಎಂದು ಎರಡು ಕೊಡ ಹೆಚ್ಚಿಗೆ ಸುರಿದೆ. ಮರುದಿನ ಮೊಗ್ಗೆಲ್ಲ ಉದುರಿತ್ತು.

ಒಂದು ಟೊಂಗೆ ಮುರಿದು ಚೀಲದಲ್ಲಿಟ್ಟುಕೊಂಡು ಬಸ್ಸು ಹತ್ತಿ ರಾಣೆಬೆನ್ನೂರಿನ ನರ್ಸರಿಗೆ ಹೋದೆ. ನರ್ಸರಿಯವನು ಎಲೆ ಬಿಡಿಸಿ ನೋಡಿ, ನಾನು ಏನು ಹೊಡೆದೆ, ಯಾವುದರಿಂದ ಹೊಡೆದೆ ಎಂದು ಕೇಳಿ ತಿಳಿದುಕೊಂಡ. ಆಮೇಲೆ ಅಂದ: "ಪಂಪು ಯಾರದ್ರಿ?"

"ನಮ್ಮ ಅಣ್ಣಂದು. ಗೋವಿನಜೋಳದ ಹೊಲಕ್ಕ ಒಯ್ತಾನ."

"ಹಂಗಾದ್ರ ಇದು ರೋಗ ಅಲ್ರಿ. ಕಸದ ಎಣ್ಣಿ ಹೊಡೆದ ಪಂಪು ಅದು. ತಳದಾಗ ಉಳಿದದ್ದ ಸಾಕಾತು."

ಕಸದ ಎಣ್ಣಿ ಅಂದರೆ ಕಳೆ ಸಾಯಿಸುವ ಔಷಧ. ಮುದುಡಿದ ತುದಿ ಕತ್ತರಿಸಬೇಕು, ಬುಡದಲ್ಲಿ ನೀರು ನಿಲ್ಲಬಾರದು, ಗೊಬ್ಬರ ಬೇಡವೇ ಬೇಡ ಎಂದ ಅವನು. "ಕಾಂಡ ಉಗುರಿಲೆ ಕೆರದು ನೋಡ್ರಿ. ಹಸಿರಿದ್ರ ಜೀವ ಐತಿ."

ಮನೆಯಲ್ಲಿ ಹೇಳಿದಾಗ ಅಮ್ಮಿ ಬಾಗಿಲು ಮುಚ್ಚಿ ಉರ್ದುವಿನಲ್ಲಿ ಪಿಸುಗುಟ್ಟಿದಳು: ಪೂಜೆಯ ಗಿಡ ಅದು, ನಾವು ಬೇಕಂತಲೇ ಸಾಯಿಸಿದೆವೆಂದು ಯಾರಾದರೂ ಅಂದರೆ? ರೋಗ ಬಂತು ಎಂದು ಹೇಳಿಬಿಡು. ಆ ಯೋಚನೆ ನನಗೆ ಬಸ್ಸಿನಲ್ಲೇ ಬಂದಿತ್ತು. ಅಮ್ಮಿಯ ಬಾಯಲ್ಲಿ ಕೇಳಿದ ಮೇಲೆ ಹೆದರಿಕೆ ಇಮ್ಮಡಿಯಾಯಿತು. ಓಣಿಯಲ್ಲಿ ಯಾರು ಆ ಗೇಟಿನ ಮುಂದೆ ನಿಂತರೂ ಕಿಟಕಿಯಿಂದ ಇಣುಕುತ್ತಿದ್ದೆ. ದಿನಾ ಬೆಳಗ್ಗೆ ಹೋಗಿ ಕಾಂಡ ಕೆರೆಯುತ್ತಿದ್ದೆ. ಮೇಲೆಲ್ಲ ಕಂದು. ಬುಡದ ಹತ್ತಿರ ಮಾತ್ರ ಒಂದು ಗೆರೆ ಹಸಿರು.

ಅಕ್ಕೋರು ಕಪ್ಪು ಕನ್ನಡಕ ಹಾಕಿಕೊಂಡು ಆಟೋದಿಂದ ಇಳಿದ ದಿನವೂ ಗಿಡ ಬೋಳಾಗಿಯೇ ಇತ್ತು.

"ಇದೇನವಾ?"

ರೋಗ ಎನ್ನುವ ಮಾತು ನಾಲಿಗೆಯ ತುದಿಗೆ ಬಂದಿತ್ತು.

"ನನ್ನಿಂದ ಆತ್ರಿ ಅಕ್ಕೋರ. ಪಂಪಿನ್ಯಾಗ ಕಸದ ಎಣ್ಣಿ ಇತ್ತು, ಗೊತ್ತಾಗಲಿಲ್ಲ. ಬೇಕಂತ ಮಾಡಿದ್ದಲ್ರಿ."

ಅವರು ನನ್ನ ಕಡೆ ತಿರುಗಿದರು. ಕನ್ನಡಕದ ಹಿಂದೆ ಕಣ್ಣು ಕಾಣುತ್ತಿರಲಿಲ್ಲ.

"ಬೇಕಂತ ಮಾಡೀದಿ ಅಂತ ಯಾರ ಅಂದ್ರು?"

"ಯಾರೂ ಅಂದಿಲ್ರಿ."

"ಮತ್ತ್ಯಾಕ ನಡುಗಾಕತ್ತೀದಿ?"

ಅಕ್ಕೋರು ಗಿಡದ ಬುಡವನ್ನು ಒಮ್ಮೆ ಸವರಿ ಒಳಗೆ ಹೋದರು. ಪೂಜೆಗೆ ಸಂತೆಯಿಂದ ಸೇವಂತಿಗೆ ತರಿಸತೊಡಗಿದರು. ಮಳೆ ಹಿಡಿದ ಮೇಲೆ ಬುಡದಲ್ಲಿ ಎರಡು ಚಿಗುರು ಒಡೆದವು. ಒಂದು ಮುದುಡಿಯೇ ಸತ್ತಿತು, ಇನ್ನೊಂದು ನೆಟ್ಟಗೆ ಬಂತು. ಈಗ ಮೊಣಕಾಲೆತ್ತರ ಇದೆ, ಇನ್ನೂ ಹೂ ಬಿಟ್ಟಿಲ್ಲ.